ಹ್ಯಾಂಡಲಿಗೆ ಬಿಡುಗಡೆ ಕೊಟ್ಟ ಚಾರ್ಲ್ಸ್ ಕೆಟರಿಂಗ್

ಆಳಂದದ ತೊಗರಿ ಹೊಲಗಳ ನಡುವೆಯೋ, ಅಫಜಲಪುರ, ಜೇವರ್ಗಿ ಸೀಮೆಯ ಭೀಮಾ ತೀರದ ಹಳ್ಳಿಯೊಂದರಲ್ಲೋ ಕಾರು ನಿಂತು, ಕೀಲಿ ತಿರುಗಿಸಿದಾಗ 'ಟಕ್' ಎಂಬ ಸದ್ದಷ್ಟೇ ಕೇಳಿದರೆ ಬ್ಯಾಟರಿಯ ಬೆಲೆ ತಿಳಿಯುತ್ತದೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ನೆಲದಲ್ಲಿ ಬ್ಯಾಟರಿ ಬೇಗ ಸವೆಯುತ್ತದೆ. ಆಗ ನೆರವಿಗೆ ಬರುವುದು ಜಂಪ್ ಸ್ಟಾರ್ಟರ್ ಎಂಬ ಪುಟ್ಟ ಪೆಟ್ಟಿಗೆ. ಕೆಲವೇ ಕ್ಷಣಗಳ ವಿದ್ಯುತ್ತಿನಿಂದ ಎಂಜಿನ್ ಎಬ್ಬಿಸುವ ಉಪಾಯವನ್ನು ಶತಮಾನಕ್ಕೂ ಹಿಂದೆಯೇ ಕಾರಿಗೆ ಯಶಸ್ವಿಯಾಗಿ ಅಳವಡಿಸಿದವರು ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್.

1876ರ ಆಗಸ್ಟ್ 29ರಂದು ಓಹಿಯೊ ರಾಜ್ಯದ ಕೃಷಿಕ ಕುಟುಂಬದಲ್ಲಿ ಜನಿಸಿದ ಕೆಟರಿಂಗ್ ಅವರಿಗೆ ಬಾಲ್ಯದಿಂದಲೂ ದೃಷ್ಟಿದೋಷ. ಶಾಲಾ ಶಿಕ್ಷಕರಾದರು, ಕಣ್ಣಿನ ತೊಂದರೆಯಿಂದ ಕಾಲೇಜು ಬಿಟ್ಟು ದೂರವಾಣಿ ತಂತಿ ಎಳೆಯುವ ಕೆಲಸಕ್ಕೂ ಸೇರಿದರು. ಛಲ ಬಿಡದೆ 1904ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದರು. ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪೆನಿಯಲ್ಲಿ, ಅಂಗಡಿಯ ಹಣದ ಯಂತ್ರಕ್ಕೆ ವಿದ್ಯುತ್ ಮೋಟಾರು ಜೋಡಿಸಿದ ಅನುಭವವೇ ಮುಂದೆ ಅವರ ಕೈ ಹಿಡಿಯಿತು.

ಆ ಕಾಲದಲ್ಲಿ ಕಾರಿನ ಮುಂಭಾಗಕ್ಕೆ ಹ್ಯಾಂಡಲ್ ತೂರಿಸಿ ಬಲವಾಗಿ ತಿರುವಿದರೆ ಮಾತ್ರ ಎಂಜಿನ್ ಚಾಲೂ ಆಗುತ್ತಿತ್ತು. ಹ್ಯಾಂಡಲ್ ಹಿಮ್ಮೊಗವಾಗಿ ಒದ್ದರೆ ಕೈ, ದವಡೆಗಳು ಮುರಿಯುತ್ತಿದ್ದವು. ಕ್ಯಾಡಿಲ್ಯಾಕ್ ಕಂಪೆನಿಯ ಮುಖ್ಯಸ್ಥ ಹೆನ್ರಿ ಲೇಲ್ಯಾಂಡ್ ಅವರ ಗೆಳೆಯರೊಬ್ಬರು ಇಂಥ ಪೆಟ್ಟಿನಿಂದಲೇ ಮೃತರಾದರೆಂಬ ಪ್ರಸಂಗ ಮೋಟಾರು ಉದ್ಯಮದಲ್ಲಿ ಪ್ರಸಿದ್ಧ. ಲೇಲ್ಯಾಂಡ್ ಪರಿಹಾರ ಬಯಸಿ ಕೆಟರಿಂಗ್ ಅವರತ್ತ ತಿರುಗಿದರು.

ಎಂಜಿನ್ ತಿರುಗಿಸಬಲ್ಲ ಮೋಟಾರು ಎಂಜಿನ್ನಿನಷ್ಟೇ ದೊಡ್ಡದಾಗಬೇಕೆಂಬುದು ಅಂದಿನ ತಜ್ಞರ ಲೆಕ್ಕಾಚಾರ. ಕೆಟರಿಂಗ್ ಬೇರೆ ದಾರಿ ಹಿಡಿದರು. ಸಂಗಾತಿ ಎಡ್ವರ್ಡ್ ಡೀಡ್ಸ್ ಅವರ ಮನೆಯ ಕೊಟ್ಟಿಗೆಯೇ ಕಾರ್ಯಾಗಾರವಾಯಿತು. ಹಣದ ಯಂತ್ರದ ಮೋಟಾರಿನಂತೆ ಇದೂ ಕೆಲವೇ ಕ್ಷಣ ದುಡಿದರೆ ಸಾಕು. ಅಷ್ಟು ಹೊತ್ತು ಸಣ್ಣ ಮೋಟಾರು ಮಿತಿ ಮೀರಿದ ಹೊರೆಯನ್ನೂ ತಾಳಬಲ್ಲದು ಎಂದು ಅವರು ತೋರಿಸಿದರು. ಎಂಜಿನ್ ಎದ್ದ ಬಳಿಕ ಅದೇ ಮೋಟಾರು ಡೈನಮೋ ಆಗಿ ಬ್ಯಾಟರಿಗೆ ವಿದ್ಯುತ್ ಮರಳಿಸುತ್ತಿತ್ತು. 1912ರ ಮಾದರಿಯ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಈ ವ್ಯವಸ್ಥೆ ಬಂತು. ತೋಳ್ಬಲವಿಲ್ಲದವರಿಗೂ ಕಾರು ಒಲಿಯಿತು.

ಜಂಪ್ ಸ್ಟಾರ್ಟರ್ ಆರಿಸುವವರಿಗೂ ಈ ತತ್ವವೇ ದಾರಿದೀಪ. ಪೆಟ್ಟಿಗೆ ಎಷ್ಟು ಹೊತ್ತು ಮೊಬೈಲ್ ಚಾರ್ಜ್ ಮಾಡುತ್ತದೆಂಬುದಕ್ಕಿಂತ, ಆ ಕೆಲವು ಕ್ಷಣ ಎಷ್ಟು ಆಂಪಿಯರ್ ಹರಿಸಬಲ್ಲದೆಂಬುದು ಮುಖ್ಯ. ಮೇಲೆ ದಪ್ಪಕ್ಷರದಲ್ಲಿರುವ ಗರಿಷ್ಠ ಆಂಪಿಯರ್ ಕಣ್ಣೆವೆ ಇಕ್ಕುವಷ್ಟರ ಮಟ್ಟಿನದು. ಎಂಜಿನ್ ತಿರುಗಿಸುವಾಗ ನಿಜಕ್ಕೂ ದೊರೆಯುವ ಪ್ರಮಾಣ ಅದಕ್ಕಿಂತ ಕಡಿಮೆ. ಡೀಸೆಲ್ ಎಂಜಿನ್ನಿಗೆ ಪೆಟ್ರೋಲಿನದಕ್ಕಿಂತ ಹೆಚ್ಚು ಶಕ್ತಿ ಬೇಕು. ಧನ, ಋಣ ತುದಿಗಳು ಅದಲುಬದಲಾದರೆ ತಡೆಯುವ ರಕ್ಷಣೆ ಇರಲೇಬೇಕು. ಲಿಥಿಯಂ ಪೆಟ್ಟಿಗೆಯನ್ನು ಕಲಬುರಗಿಯ ಬಿಸಿಲಲ್ಲಿ ಬಾಗಿಲು ಮುಚ್ಚಿದ ಕಾರಿನೊಳಗೆ ಬಿಡುವುದು ಅಪಾಯಕರ.

ಕೆಟರಿಂಗ್ 1947ರವರೆಗೆ ಜನರಲ್ ಮೋಟಾರ್ಸ್ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದರು. ಆಲ್ಫ್ರೆಡ್ ಸ್ಲೋನ್ ಅವರೊಡನೆ 1945ರಲ್ಲಿ ನ್ಯೂಯಾರ್ಕಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ಆದರೆ ಈ ಕೀರ್ತಿಗೆ ಮಸಿಯೂ ಅಂಟಿದೆ. 1921ರಲ್ಲಿ ಪೆಟ್ರೋಲಿಗೆ ಸೀಸ ಬೆರೆಸುವ ವಿಧಾನ ಹೊರಬಂದದ್ದು ಅವರ ಪ್ರಯೋಗಾಲಯದಿಂದಲೇ. 1924ರಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರು ವಿಷವೇರಿ ಸತ್ತರೂ ಮಾರಾಟ ಶಾಶ್ವತವಾಗಿ ನಿಲ್ಲಲಿಲ್ಲ. ಭಾರತ ಅದನ್ನು ಕೈಬಿಟ್ಟದ್ದು 2000ದಲ್ಲಿ. ಜಗತ್ತಿನ ಬಂಕುಗಳಿಂದ ಅದು ಪೂರ್ಣ ಮರೆಯಾದದ್ದು 2021ರಲ್ಲಿ.

1958ರ ನವೆಂಬರ್ 25ರಂದು, 82ನೇ ವಯಸ್ಸಿನಲ್ಲಿ ಕೆಟರಿಂಗ್ ನಿಧನರಾದರು. ಹ್ಯಾಂಡಲಿನ ಹೊಡೆತದಿಂದ ಜನರನ್ನು ಉಳಿಸಿದವರೂ, ಅವರ ಉಸಿರಿಗೆ ಸೀಸ ಬೆರೆಯಲು ಕಾರಣರಾದವರೂ ಒಬ್ಬರೇ. ಅವರ ಚರಿತ್ರೆಯನ್ನು ಈ ಎರಡನ್ನೂ ಕೂಡಿಸಿಯೇ ಓದಬೇಕಾಗುತ್ತದೆ.