ಖಿದಿರ್‌ಪುರದ ಮನೆ ಬಿಟ್ಟು ಹೋದ ಮಗ: ಮೈಕೆಲ್ ಮಧುಸೂದನ ದತ್ತ

ಕೋಲ್ಕತಾಕ್ಕೆ ಪ್ರವಾಸ ಹೋಗುವ ಕನ್ನಡಿಗರು ಕಾಳಿಘಾಟ್, ದಕ್ಷಿಣೇಶ್ವರ, ಬೇಲೂರು ಮಠಗಳ ದರ್ಶನ ಪಡೆದು, ಹೌರಾ ಸೇತುವೆ ನೋಡಿ ಹಿಂತಿರುಗುವುದೇ ಹೆಚ್ಚು. ಹೂಗ್ಲಿ ನದಿಯ ದಂಡೆಯಲ್ಲಿರುವ ಖಿದಿರ್‌ಪುರದ ಹೆಸರು ಹಡಗಿನಲ್ಲಿ ದುಡಿದವರಿಗೆ, ಬಂದರಿನ ವ್ಯವಹಾರ ಇದ್ದವರಿಗೆ ಮಾತ್ರ ಪರಿಚಿತ. ಆದರೆ ಬಂಗಾಳಿಗಳ ಪಾಲಿಗೆ ಈ ಪ್ರದೇಶ ಕವಿತೀರ್ಥ. ಅಲ್ಲಿನ ಒಂದು ರಸ್ತೆಗೆ ಇದೇ ಹೆಸರನ್ನು ಇಡಲಾಗಿದೆ. ರಂಗಲಾಲ ಬಂದ್ಯೋಪಾಧ್ಯಾಯ, ಹೇಮಚಂದ್ರ ಬಂದ್ಯೋಪಾಧ್ಯಾಯ ಮತ್ತು ಮಧುಸೂದನ ದತ್ತ, ಹತ್ತೊಂಬತ್ತನೆಯ ಶತಮಾನದ ಈ ಮೂವರು ಮಹಾಕವಿಗಳೂ ಇಲ್ಲಿ ಬಾಳಿದವರು. ಮೂವರಲ್ಲಿ ಮಧುಸೂದನರ ಬದುಕು ಮಾತ್ರ ಕ್ರಿಸ್ತನ ಉಪದೇಶದೊಂದಿಗೆ ವಿಚಿತ್ರವಾಗಿ ಹೆಣೆದುಕೊಂಡಿತು. ತಂದೆಯ ಮನೆ ಬಿಟ್ಟು ದೂರ ದೇಶಕ್ಕೆ ಹೋಗಿ ಸೋತು ಬಂದ ಕಿರಿಯ ಮಗನ ಸಾಮ್ಯವೊಂದು ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿದೆ. ಮಧುಸೂದನರ ಕಥೆ ಓದುವಾಗ ಅದು ನೆನಪಾಗದೆ ಇರದು.

ಮಧುಸೂದನರು ಹುಟ್ಟಿದ್ದು 1824ರ ಜನವರಿ 25ರಂದು, ಜೆಸ್ಸೋರ್ ಜಿಲ್ಲೆಯ ಸಾಗರದಾಡಿ ಎಂಬ ಹಳ್ಳಿಯಲ್ಲಿ, ಕಪೋತಾಕ್ಷ ನದಿಯ ತೀರದಲ್ಲಿ. ಇಂದು ಅದು ಬಾಂಗ್ಲಾದೇಶಕ್ಕೆ ಸೇರಿದೆ. ತಂದೆ ರಾಜನಾರಾಯಣ ದತ್ತರು ಪಾರಸಿ ಬಲ್ಲ ಹೆಸರಾಂತ ವಕೀಲರು, ಕಲ್ಕತ್ತೆಯ ಸದರ್ ದಿವಾನಿ ಅದಾಲತ್ತಿನಲ್ಲಿ ವಕಾಲತ್ತು ನಡೆಸುತ್ತಿದ್ದರು. ತಾಯಿ ಜಾಹ್ನವಿ ದೇವಿ. ತಮ್ಮಂದಿರಿಬ್ಬರೂ ಎಳವೆಯಲ್ಲೇ ತೀರಿಕೊಂಡಿದ್ದರಿಂದ ಮಧುಸೂದನ ಮನೆಗೆ ಉಳಿದ ಒಬ್ಬನೇ ಮಗ. ರಾಜನಾರಾಯಣರು ಖಿದಿರ್‌ಪುರದಲ್ಲಿ ಮನೆ ಖರೀದಿಸಿ ಹೆಂಡತಿ ಮಕ್ಕಳನ್ನು ಊರಿನಿಂದ ಕರೆಸಿಕೊಂಡರು. ದುಡಿಮೆಗಾಗಿ ಪರವೂರಿಗೆ ಬಂದು ಮನೆ ಮಾಡಿ ಮಗನ ವಿದ್ಯೆಗೆ ಕೈಬಿಚ್ಚಿ ಖರ್ಚು ಮಾಡಿದ ತಂದೆಯ ಆಸೆ ಏನಿದ್ದಿರಬಹುದು ಎಂಬುದನ್ನು ಹೊರನಾಡ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಮಗ ಹಿಂದೂ ಕಾಲೇಜು ಸೇರಿದ. ಕ್ಯಾಪ್ಟನ್ ರಿಚರ್ಡ್‌ಸನ್ ಎಂಬ ಗುರುಗಳಿಂದ ಇಂಗ್ಲಿಷ್ ಕಾವ್ಯದ ಹುಚ್ಚು ಹಿಡಿಯಿತು. ಗೌರದಾಸ ಬಸಾಕ್, ಭೂದೇವ ಮುಖೋಪಾಧ್ಯಾಯ, ರಾಜನಾರಾಯಣ ಬಸು ಮೊದಲಾದ ಗೆಳೆಯರು ಜೊತೆಗಿದ್ದರು. ಸ್ತ್ರೀ ಶಿಕ್ಷಣದ ಕುರಿತ ಪ್ರಬಂಧಕ್ಕೆ 1842ರಲ್ಲಿ ಚಿನ್ನದ ಪದಕ ಬಂತು. ಇಂಗ್ಲೆಂಡಿಗೆ ಹೋಗಿ ಇಂಗ್ಲಿಷಿನಲ್ಲೇ ಮಹಾಕವಿಯಾಗಬೇಕು ಎಂಬುದು ಅವರ ಹಗಲುಗನಸು.

ಆಗಿನ ಕಲ್ಕತ್ತೆಯಲ್ಲಿ ಯೇಸುವಿನ ಉಪದೇಶ ಕೇವಲ ಪಾದ್ರಿಗಳ ವಿಷಯವಾಗಿರಲಿಲ್ಲ. ರಾಜಾ ರಾಮಮೋಹನ ರಾಯರು 1820ರಲ್ಲೇ ನಾಲ್ಕು ಸುವಾರ್ತೆಗಳಿಂದ ಯೇಸುವಿನ ನೀತಿಬೋಧೆಯನ್ನು ಆರಿಸಿ ಪುಸ್ತಕವಾಗಿ ಪ್ರಕಟಿಸಿದ್ದರು. ಪವಾಡಗಳನ್ನೂ ಮತತತ್ವದ ವಾದಗಳನ್ನೂ ಬದಿಗಿಟ್ಟು, ಬದುಕಿಗೆ ಬೇಕಾದ ಮಾತುಗಳನ್ನಷ್ಟೇ ಇಟ್ಟುಕೊಂಡ ಆ ಪುಸ್ತಕಕ್ಕೆ ಸೆರಾಂಪುರದ ಮಿಷನರಿಗಳೇ ಮೊದಲು ಮುನಿಸಿಕೊಂಡರು. ಇದೇ ಸೆರಾಂಪುರದಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾಗಿತ್ತು ಎಂಬುದು ಕನ್ನಡಿಗರು ಮರೆಯಬಾರದ ಸಂಗತಿ. 1832ರಲ್ಲಿ ಹಿಂದೂ ಕಾಲೇಜಿನವರೇ ಆದ ಕುಲೀನ ಬ್ರಾಹ್ಮಣ ಕೃಷ್ಣಮೋಹನ ಬ್ಯಾನರ್ಜಿಯವರು ಕ್ರೈಸ್ತರಾಗಿ, ಮುಂದೆ ಧರ್ಮಗುರುಗಳೂ ಆದರು. ಮಧುಸೂದನ ಹೋಗಿ ನಿಂತದ್ದು ಇವರ ಬಾಗಿಲಲ್ಲೇ.

ಕಾರಣ ಒಂದೇ ಆಗಿರಲಿಲ್ಲ. ಮನೆಯಲ್ಲಿ ಜಮೀನ್ದಾರರೊಬ್ಬರ ಎಳೆಯ ಮಗಳೊಂದಿಗೆ ಮದುವೆ ಗೊತ್ತು ಮಾಡಿದ್ದರು. ಮುಖ ಕಂಡರಿಯದ ಬಾಲಕಿಯನ್ನು ಕಟ್ಟಿಕೊಳ್ಳಲು ಹುಡುಗನಿಗೆ ಮನಸ್ಸಿರಲಿಲ್ಲ. ಕ್ರೈಸ್ತನಾದರೆ ಇಂಗ್ಲೆಂಡಿಗೆ ಹೋಗುವ ದಾರಿ ತೆರೆಯಬಹುದು ಎಂಬ ಆಸೆಯೂ ಇತ್ತು. ಹತ್ತೊಂಬತ್ತರ ಹುಡುಗನ ಈ ನಿರ್ಧಾರದಲ್ಲಿ ಭಕ್ತಿ ಎಷ್ಟು, ಬಿಡುಗಡೆಯ ಆಸೆ ಎಷ್ಟು ಎಂದು ತಕ್ಕಡಿ ಹಿಡಿದು ತೂಗುವುದು ಕಷ್ಟ. ಸುದ್ದಿ ತಿಳಿದ ರಾಜನಾರಾಯಣರು ಮಗನನ್ನು ಎತ್ತಿ ತರಲು ಲಾಠಿ ಹಿಡಿದ ಆಳುಗಳನ್ನು ಅಟ್ಟಿದರು. ಪಾದ್ರಿಗಳು ಹುಡುಗನನ್ನು ಫೋರ್ಟ್ ವಿಲಿಯಂ ಕೋಟೆಯೊಳಗೆ ಇರಿಸಿದರು. ಮನೆಗೂ ಕೋಟೆಗೂ ದೂರವೇನಿಲ್ಲ, ಆದರೆ ನಡುವೆ ಕಂಪೆನಿ ಸರಕಾರದ ಕಾವಲು. 1843ರ ಫೆಬ್ರವರಿ 9ರಂದು ಮಿಷನ್ ರೋನಲ್ಲಿರುವ ಓಲ್ಡ್ ಮಿಷನ್ ಚರ್ಚಿನಲ್ಲಿ, ಹೊರಗೆ ಕಾವಲು ನಿಲ್ಲಿಸಿ, ಆರ್ಚ್‌ಡೀಕನ್ ಡೀಲ್ಟ್ರಿಯವರು ದೀಕ್ಷಾಸ್ನಾನ ನೀಡಿದರು. ತಮ್ಮ ದೀಕ್ಷೆಗೆ ತಾವೇ ಇಂಗ್ಲಿಷಿನಲ್ಲೊಂದು ಕೀರ್ತನೆ ರಚಿಸಿಕೊಂಡು ಬಂದಿದ್ದರು ಈ ಕವಿ. ಮುಂದೆ ಹೆಸರಿಗೆ ಮೈಕೆಲ್ ಎಂಬುದು ಸೇರಿಕೊಂಡಿತು.

ಅದೇ 1843ರಲ್ಲಿ ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರವನ್ನು ಹೊರತಂದರು. ಮರುವರ್ಷವೇ ಅವರ ಶಿಷ್ಯ ಆನಂದರಾವ್ ಕೌಂಡಿನ್ಯ ಹಾಗೂ ಇನ್ನಿಬ್ಬರು ಸಾರಸ್ವತ ತರುಣರು ದೀಕ್ಷೆ ಪಡೆದಾಗ ಊರೇ ಅಲ್ಲೋಲಕಲ್ಲೋಲವಾಯಿತು. ಕೌಂಡಿನ್ಯರು ಬಾಸೆಲಿಗೆ ತೆರಳಿ, ಧರ್ಮಗುರುವಾಗಿ ಕರಾವಳಿಗೇ ಮರಳಿದರು. ಹೂಗ್ಲಿ ತೀರದ ಮನೆಯಲ್ಲೂ ನೇತ್ರಾವತಿ ತೀರದ ಮನೆಗಳಲ್ಲೂ ಆ ದಿನಗಳಲ್ಲಿ ತಾಯಂದಿರ ಅಳು ಒಂದೇ ಆಗಿತ್ತು ಎನ್ನಬಹುದು. ತನಗಿಂತ ತಂದೆತಾಯಿಯನ್ನು ಹೆಚ್ಚಾಗಿ ಪ್ರೀತಿಸುವವನು ತನಗೆ ಯೋಗ್ಯನಲ್ಲ ಎಂಬ ಯೇಸುವಿನ ಕಠಿಣ ಮಾತನ್ನು ಮತ್ತಾಯನು ಬರೆದಿಟ್ಟಿದ್ದಾನೆ. ಆದರೆ ದೇವರಿಗೆ ಮುಡಿಪು ಎಂಬ ನೆಪ ಹೇಳಿ ಹೆತ್ತವರನ್ನು ನೋಡಿಕೊಳ್ಳದವರನ್ನು ಯೇಸು ಬಲವಾಗಿ ಖಂಡಿಸಿದ್ದನ್ನು ಮಾರ್ಕನ ಸುವಾರ್ತೆ ಹೇಳುತ್ತದೆ. ಶಿಲುಬೆಯ ಮೇಲಿದ್ದಾಗಲೂ ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದ್ದನ್ನು ಯೋಹಾನನು ದಾಖಲಿಸಿದ್ದಾನೆ. ಈ ಎರಡು ಉಪದೇಶಗಳ ನಡುವೆ ಸಿಕ್ಕಿದವನ ಪಾಡು ಸುಲಭದ್ದಲ್ಲ.

ಕ್ರೈಸ್ತನಾದವನಿಗೆ ಹಿಂದೂ ಕಾಲೇಜಿನ ಬಾಗಿಲು ಮುಚ್ಚಿತು. 1844ರಲ್ಲಿ ಹೂಗ್ಲಿಯ ಆಚೆ ದಡದ ಶಿಬಪುರದ ಬಿಷಪ್ಸ್ ಕಾಲೇಜಿಗೆ ಸೇರಿ ಗ್ರೀಕ್, ಲ್ಯಾಟಿನ್, ಸಂಸ್ಕೃತ ಕಲಿತರು. ಸುವಾರ್ತೆಗಳನ್ನು ಮೂಲ ಗ್ರೀಕಿನಲ್ಲಿ ಓದಬಲ್ಲಷ್ಟು ಭಾಷೆ ದಕ್ಕಿತು. ಅಲ್ಲಿ ಯುರೋಪಿಯನ್ ವಿದ್ಯಾರ್ಥಿಗಳ ಉಡುಪು ಬೇರೆ, ದೇಶೀಯರದ್ದು ಬೇರೆ. ಇದನ್ನು ಒಪ್ಪದ ಮಧುಸೂದನರು ಒಂದು ದಿನ ಬಣ್ಣಬಣ್ಣದ ದೇಶೀ ವೇಷ ತೊಟ್ಟು ಬಂದು ಕಾಲೇಜನ್ನೇ ದಂಗುಬಡಿಸಿದರು. ಕೊನೆಗೆ ಸಮಾನ ಉಡುಪಿಗೆ ಒಪ್ಪಿಗೆ ಸಿಕ್ಕಿತು. ದೇವರ ಮುಂದೆ ಎಲ್ಲರೂ ಒಂದೇ ಎಂದು ಕಲಿಸುವ ಶಾಲೆಯಲ್ಲೇ ಇದಕ್ಕಾಗಿ ಜಗಳವಾಡಬೇಕಾಯಿತು.

ಇಲ್ಲಿ ಗಮನಿಸಬೇಕಾದ್ದು ತಂದೆಯ ನಡತೆ. ಲಾಠಿಯವರನ್ನು ಅಟ್ಟಿದ್ದ ಅದೇ ರಾಜನಾರಾಯಣರು ಜಾತಿಬಿಟ್ಟ ಮಗನ ಕಾಲೇಜಿನ ಖರ್ಚನ್ನು ವರ್ಷಗಳ ಕಾಲ ಕೊಟ್ಟರು. ಇನ್ನೊಂದು ಗಂಡು ಸಂತಾನ ಬೇಕೆಂದು ಮತ್ತೆ ಮದುವೆಯಾದರು, ಮಕ್ಕಳಾಗಲಿಲ್ಲ. ಮಗ ಮನೆಗೆ ಮರಳುವ ಲಕ್ಷಣ ಕಾಣದೆ 1847ರ ಹೊತ್ತಿಗೆ ಹಣ ನಿಲ್ಲಿಸಿದರು. ಮಗ ಯಾರಿಗೂ ಹೇಳದೆ ಮದರಾಸಿನ ಹಡಗು ಹತ್ತಿದ.

ಮದರಾಸಿನಲ್ಲಿ ಅನಾಥಾಲಯದ ಶಾಲೆಯಲ್ಲಿ ಮಾಸ್ತರಿಕೆ, ಪತ್ರಿಕೆಗಳಿಗೆ ಬರವಣಿಗೆ. 1848ರಲ್ಲಿ ಅದೇ ಸಂಸ್ಥೆಯಲ್ಲಿ ಬೆಳೆದ ರೆಬೆಕಾ ಅವರೊಂದಿಗೆ ವಿವಾಹ. ಮರುವರ್ಷ ಇಂಗ್ಲಿಷ್ ಕಾವ್ಯವೊಂದನ್ನು ಪ್ರಕಟಿಸಿದರೆ, ಕಲ್ಕತ್ತೆಯ ಶಿಕ್ಷಣ ತಜ್ಞ ಬೆಥೂನ್ ಅವರು ಈ ಪ್ರತಿಭೆಯನ್ನು ತಾಯಿನುಡಿಗೆ ಮೀಸಲಿಡುವುದು ಒಳಿತೆಂದು ಸಲಹೆಯಿತ್ತರು. ಇದೇ ಸಲಹೆ ಮುಂದೆ ಬಂಗಾಳಿ ಸಾಹಿತ್ಯದ ಭಾಗ್ಯವಾಯಿತು. ಅಷ್ಟರಲ್ಲಿ ತಾಯಿ ತೀರಿಕೊಂಡರು. 1855ರಲ್ಲಿ ತಂದೆಯೂ ಹೋದರು. ನೆಂಟರು ಆಸ್ತಿಗಾಗಿ ಕಚ್ಚಾಡುತ್ತಿದ್ದಾರೆ, ನೀನು ಸತ್ತೆಯೆಂದೇ ಇಲ್ಲಿ ಸುದ್ದಿ ಎಂದು ಗೌರದಾಸರು ಬರೆದ ಮೇಲೆಯೇ ಮಗನಿಗೆ ವಿಷಯ ತಿಳಿದದ್ದು. 1856ರ ಫೆಬ್ರವರಿಯಲ್ಲಿ ಕಲ್ಕತ್ತೆಗೆ ಬಂದಿಳಿದಾಗ ಬಾಗಿಲಲ್ಲಿ ಕಾದು ನಿಂತ ತಂದೆ ಇರಲಿಲ್ಲ. ಲೂಕನ ಸಾಮ್ಯದಲ್ಲಿ ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ. ಇಲ್ಲಿ ಸ್ವಾಗತಿಸಿದ್ದು ಕೋರ್ಟು ಕಚೇರಿಯ ಅಲೆದಾಟ. ರೆಬೆಕಾ ಮತ್ತು ನಾಲ್ವರು ಮಕ್ಕಳನ್ನು ಮದರಾಸಿನಲ್ಲೇ ಬಿಟ್ಟು ಬಂದವರು ಮತ್ತೆ ಅವರ ಬಳಿ ಹೋಗಲಿಲ್ಲ. ಬಳಿಕ ಹೆನ್ರಿಯೆಟ್ಟಾ ಎಂಬವರು ಬಂದು ಕೊನೆಯವರೆಗೂ ಜೊತೆಯಾದರು. ಅಭಿಮಾನಿಗಳು ಏನೇ ಸಮಜಾಯಿಷಿ ಕೊಟ್ಟರೂ ರೆಬೆಕಾ ಅವರಿಗಾದ ಅನ್ಯಾಯ ಅನ್ಯಾಯವೇ.

ಪೊಲೀಸ್ ಕೋರ್ಟಿನಲ್ಲಿ ಗುಮಾಸ್ತಗಿರಿ, ದುಭಾಷಿ ಕೆಲಸ ಮಾಡುತ್ತಲೇ 1859ರಿಂದ ಮೂರೇ ವರ್ಷಗಳಲ್ಲಿ ಶರ್ಮಿಷ್ಠಾ, ತಿಲೋತ್ತಮಾ, ಕೃಷ್ಣಕುಮಾರಿ ಮೊದಲಾದ ಕೃತಿಗಳು ಹೊರಬಂದವು. 1861ರ ಮೇಘನಾದವಧ ಒಂಬತ್ತು ಸರ್ಗಗಳ ಮಹಾಕಾವ್ಯ. ಪ್ರಾಸದ ಕಟ್ಟು ಕಳಚಿದ ಹೊಸ ಛಂದಸ್ಸು, ರಾವಣನ ಪುತ್ರಶೋಕವೇ ಅದರ ಹೃದಯ. ನಾಗಚಂದ್ರನ ಪಂಪರಾಮಾಯಣದ ರಾವಣನನ್ನು ಬಲ್ಲ, ಯಕ್ಷಗಾನದ ಇಂದ್ರಜಿತು ಕಾಳಗಕ್ಕೆ ರಾತ್ರಿಯಿಡೀ ಕೂತ ಕನ್ನಡಿಗರಿಗೆ ಇದು ತೀರಾ ಹೊಸದೆನಿಸದು. ಆದರೆ ಮಗನನ್ನು ಕಳಕೊಂಡ ತಂದೆಯ ದುಃಖವನ್ನು ಬರೆದವರು ತಂದೆಯಿಂದ ಕಳೆದುಹೋದ ಮಗ ಎಂಬುದನ್ನು ಮರೆಯುವಂತಿಲ್ಲ. ಇದರ ಎರಡನೇ ಮುದ್ರಣಕ್ಕೆ ಮುನ್ನುಡಿ ಬರೆದವರು ಖಿದಿರ್‌ಪುರದವರೇ ಆದ ಹೇಮಚಂದ್ರರು.

ಅದೇ 1861ರಲ್ಲಿ ನೀಲಿ ಬೆಳೆಗಾರರ ದಬ್ಬಾಳಿಕೆಯನ್ನು ಬಯಲಿಗೆಳೆದ ದೀನಬಂಧು ಮಿತ್ರರ ನೀಲದರ್ಪಣ ನಾಟಕದ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ಅನುವಾದ ಮಧುಸೂದನರದ್ದೆಂದು ಬಹುಕಾಲದ ನಂಬಿಕೆ, ತಜ್ಞರಲ್ಲಿ ಭಿನ್ನಾಭಿಪ್ರಾಯವೂ ಇದೆ. ಪ್ರಕಟಿಸಿದ ಪಾದ್ರಿ ಜೇಮ್ಸ್ ಲಾಂಗ್ ಅವರಿಗೆ ಒಂದು ತಿಂಗಳ ಜೈಲು, ಸಾವಿರ ರೂಪಾಯಿ ದಂಡ. ಬಡ ರೈತನ ಪರ ನಿಂತು ಜೈಲಿಗೆ ಹೋದ ಈ ಪಾದ್ರಿಯ ದಂಡವನ್ನು ಕಟ್ಟಿದವರು ಕಾಳಿಪ್ರಸನ್ನ ಸಿಂಹರು.

ಖಿದಿರ್‌ಪುರದ ಮನೆಯನ್ನು ಮಾರಿ, 1862ರ ಜೂನ್‌ನಲ್ಲಿ ಬ್ಯಾರಿಸ್ಟರ್ ಆಗಲು ಮಧುಸೂದನರು ಇಂಗ್ಲೆಂಡಿಗೆ ಹೊರಟರು. ಊರಿನಿಂದ ಬರಬೇಕಾದ ಹಣ ನಿಂತಿತು. ಸಂಸಾರ ಸಮೇತ ಫ್ರಾನ್ಸಿನ ವರ್ಸೈಲ್ಸ್‌ಗೆ ಹೋದರೂ ಸಾಲ, ಹಸಿವು ಬೆನ್ನು ಬಿಡಲಿಲ್ಲ. ಕೊನೆಗೆ ಪತ್ರ ಬರೆದದ್ದು ಈಶ್ವರಚಂದ್ರ ವಿದ್ಯಾಸಾಗರರಿಗೆ. 1864ರ ಆಗಸ್ಟ್ ಕೊನೆಯ ಒಂದು ದಿನ ಮಕ್ಕಳು ಜಾತ್ರೆಗೆ ಹೋಗಬೇಕೆಂದು ಹಠ ಹಿಡಿದಿದ್ದವು, ಹೆನ್ರಿಯೆಟ್ಟಾ ಕೈಯಲ್ಲಿ ಮೂರೇ ಫ್ರಾಂಕ್ ಉಳಿದಿತ್ತು. ಇವತ್ತು ಟಪಾಲು ಬರುವ ದಿನ, ಏನಾದರೂ ಬಂದೇ ಬರುತ್ತದೆ ಎಂದು ಪತಿ ಸಮಾಧಾನ ಹೇಳಿದರು. ಒಂದು ಗಂಟೆಯೊಳಗೆ ವಿದ್ಯಾಸಾಗರರ ಪತ್ರದೊಂದಿಗೆ 1,500 ರೂಪಾಯಿ ತಲುಪಿತು. ವಿದ್ಯಾಸಾಗರರು ಮುಂದೆ ಸಾಲ ಎತ್ತಿಯೂ ಕಳಿಸಿದರು. ದಾರಿಯಲ್ಲಿ ಪೆಟ್ಟುತಿಂದು ಬಿದ್ದವನನ್ನು ಯಾಜಕನು ಕಂಡೂ ಕಾಣದಂತೆ ಹೋದ, ಹೊರಗಿನವನಾದ ಸಮಾರ್ಯದವನು ಎತ್ತಿ ಉಪಚರಿಸಿದ ಎಂಬ ಕಥೆಯನ್ನು ಯೇಸು ಹೇಳಿದ್ದು ಯಾರು ನನ್ನ ನೆರೆಯವನು ಎಂದು ಕೇಳಿದವನಿಗೆ. ಜನಿವಾರದ ಸಂಸ್ಕೃತ ಪಂಡಿತರೊಬ್ಬರು ಕ್ರೈಸ್ತ ಕವಿಗೆ ಆ ನೆರೆಯವರಾದರು. ಈ ಸಾಲದ ವಿಷಯದಲ್ಲಿ ಮುಂದೆ ಇಬ್ಬರ ನಡುವೆ ಬೇಸರವೂ ಬಂತು, ಅದು ಬೇರೆ ಮಾತು.

1866ರಲ್ಲಿ ಬ್ಯಾರಿಸ್ಟರ್ ಆಗಿ, ಮರುವರ್ಷ ಕಲ್ಕತ್ತಾ ಹೈಕೋರ್ಟಿನಲ್ಲಿ ವೃತ್ತಿ ಆರಂಭಿಸಿದರು. ಸಂಪಾದನೆ ಬಂದ ಹಾಗೇ ಖರ್ಚಾಯಿತು. 1872ರಲ್ಲಿ ಮೊಕದ್ದಮೆಯೊಂದಕ್ಕೆ ಪುರುಲಿಯಾಕ್ಕೆ ಹೋದಾಗ ಅಲ್ಲಿನ ಚಿಕ್ಕ ಕ್ರೈಸ್ತ ಸಭೆ ಕವಿಯನ್ನು ಆದರದಿಂದ ಬರಮಾಡಿಕೊಂಡಿತು. ಅಲ್ಲಿ ಬಾಲಕನೊಬ್ಬನ ದೀಕ್ಷೆಗೆ ಜ್ಞಾನಪಿತರಾಗಿ ನಿಂತು ಆ ಸಂದರ್ಭಕ್ಕೆ ಬಂಗಾಳಿಯಲ್ಲಿ ಪದ್ಯ ಬರೆದರು. ಚರ್ಚಿಗೆ ನಿಯಮಿತವಾಗಿ ಹೋಗದವರು, ರಾಧೆಯ ವಿರಹವನ್ನೂ ಸೊಗಸಾಗಿ ಹಾಡಿದವರು ಇವರು. ಆದರೂ ಲಾಭವೇನೂ ಉಳಿಯದ ಮೇಲೂ ತಾವು ಸ್ವೀಕರಿಸಿದ ಮತವನ್ನು ತೊರೆಯಲಿಲ್ಲ.

1873ರಲ್ಲಿ ಆರೋಗ್ಯ ಪೂರ್ತಿ ಕೆಟ್ಟಿತು. ಕೆಲಕಾಲ ಉತ್ತರಪಾಡದ ಗ್ರಂಥಾಲಯದ ಕೋಣೆಯಲ್ಲಿ ಆಶ್ರಯ, ಬಳಿಕ ಆಲಿಪುರದ ಆಸ್ಪತ್ರೆ, ಬಾಲ್ಯದ ಮನೆಯಿಂದ ಹೆಚ್ಚು ದೂರವಿಲ್ಲದ ಜಾಗ. ಜೂನ್ 26ರಂದು ಹೆನ್ರಿಯೆಟ್ಟಾ ಕಣ್ಮುಚ್ಚಿದರು. ಮೂರು ದಿನ ಕಳೆದು ಜೂನ್ 29, ಭಾನುವಾರ ಮಧ್ಯಾಹ್ನ ಮಧುಸೂದನರು ಇಹಲೋಕ ಯಾತ್ರೆ ಮುಗಿಸಿದರು. ಸಾಯುವ ಮುನ್ನ ಬಂದಿದ್ದ ಕೃಷ್ಣಮೋಹನ ಬ್ಯಾನರ್ಜಿಯವರು ಸಮಾಧಿಗೆ ತೊಡಕಾಗಬಹುದೆಂದು ಸೂಚಿಸಿದಾಗ, ತಾನು ಹೋಗುವುದು ದೇವರಲ್ಲಿಗೆ, ದೇಹವನ್ನು ಎಲ್ಲಿ ಹೂತರೇನು ಎಂಬ ಭಾವವನ್ನಷ್ಟೇ ಅವರು ತೋರಿದರಂತೆ. ಹೇಳಿದಂತೆಯೇ ಆಯಿತು. ಹಿಂದೂಗಳು ಮೂವತ್ತು ವರ್ಷದ ಹಿಂದೆಯೇ ದೂರವಿಟ್ಟಿದ್ದರು, ಈಗ ಕ್ರೈಸ್ತ ಸಭೆಯ ದೊಡ್ಡವರೂ ಹಿಂದೇಟು ಹಾಕಿದರು. ಬಿಷಪ್ಪರ ಅಪ್ಪಣೆ ಬರಲಿಲ್ಲ. ಆಷಾಢದ ಸೆಕೆಯಲ್ಲಿ ಇಡೀ ರಾತ್ರಿ ಶವ ಕಾಯಬೇಕಾಯಿತು. ಮರುದಿನ ಸೇಂಟ್ ಜೇಮ್ಸ್ ಚರ್ಚಿನ ಪಾದ್ರಿ ಪೀಟರ್ ಜಾನ್ ಜಾರ್ಬೊ ತಾವಾಗಿ ಮುಂದೆ ಬಂದರು. ಸಂಜೆ ಲೋವರ್ ಸರ್ಕ್ಯುಲರ್ ರಸ್ತೆಯ ಸ್ಮಶಾನದಲ್ಲಿ ಹೆನ್ರಿಯೆಟ್ಟಾ ಪಕ್ಕದಲ್ಲೇ ಸಮಾಧಿಯಾಯಿತು.

ಟೆನಿಸ್‌ನಲ್ಲಿ 1996ರ ಒಲಿಂಪಿಕ್ ಕಂಚಿನ ಪದಕ ಗೆದ್ದ ಲಿಯಾಂಡರ್ ಪೇಸ್ ತಾಯಿಯ ಕಡೆಯಿಂದ ಈ ಕವಿಯ ವಂಶಸ್ಥರು. ಮಧುಸೂದನರಿಗೆ ತಾಯಿನುಡಿಯ ದಾರಿ ತೋರಿಸಿದ ಬೆಥೂನ್, ಗಾಂಧೀಜಿಯ ಆಪ್ತ ದೀನಬಂಧು ಆಂಡ್ರೂಸ್ ಇಬ್ಬರ ಸಮಾಧಿಗಳೂ ಅದೇ ಸ್ಮಶಾನದಲ್ಲಿವೆ. ಕವಿಯ ಸಮಾಧಿಗೆ ಸರಿಯಾದ ಕಲ್ಲು ಬಿದ್ದದ್ದು 1888ರಲ್ಲಿ, ಅಭಿಮಾನಿಗಳು ಹಣ ಕೂಡಿಸಿದ ಮೇಲೆ. ಅದರ ಮೇಲೆ ಕೆತ್ತಿರುವುದು ಅವರೇ ಬರೆದಿಟ್ಟಿದ್ದ ಬಂಗಾಳಿ ಪದ್ಯ. ದಾರಿಹೋಕನನ್ನು ಕ್ಷಣಹೊತ್ತು ನಿಲ್ಲಲು ಕೇಳಿಕೊಳ್ಳುವ ಆ ಪದ್ಯದಲ್ಲಿ ಕಪೋತಾಕ್ಷ ತೀರದ ಸಾಗರದಾಡಿಯ ಹೆಸರಿದೆ. ತಂದೆ ರಾಜನಾರಾಯಣ, ತಾಯಿ ಜಾಹ್ನವಿ ಎಂದು ಇಬ್ಬರ ಹೆಸರೂ ಇದೆ.