30 ರೂಪಾಯಿ ಸಂಬಳದ ಲೆಕ್ಕದ ಗುಮಾಸ್ತ: ಮದ್ರಾಸ್ ಬಂದರು ಕಚೇರಿಯಲ್ಲಿ ರಾಮಾನುಜನ್

ಡಿಸೆಂಬರ್ 22 ಬಂತೆಂದರೆ ಶಾಲೆಗಳಲ್ಲಿ ರಾಷ್ಟ್ರೀಯ ಗಣಿತ ದಿನ. ಶ್ರೀನಿವಾಸ ರಾಮಾನುಜನ್ ಫೋಟೋಗೆ ಹಾರ, 1729ರ ಟ್ಯಾಕ್ಸಿ ಕಥೆ, ಮಕ್ಕಳಿಗೊಂದು ಕ್ವಿಜ್, ಅಲ್ಲಿಗೆ ಮುಗೀತು. ಕೇಂಬ್ರಿಜ್‌ಗೆ ಹೋದ ರಾಮಾನುಜನ್ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ಕಚೇರಿಯಲ್ಲಿ ಕೂತು ಲೆಕ್ಕ ಬರೆಯುತ್ತಿದ್ದ ರಾಮಾನುಜನ್ ಬಗ್ಗೆ ಭಾಷಣದಲ್ಲಿ ಬರೋದು ಒಂದೇ ಸಾಲು, ಅದೂ ಅಯ್ಯೋ ಪಾಪ ಅನ್ನೋ ಧಾಟಿಯಲ್ಲಿ. ಆದರೆ ಆ ಗುಮಾಸ್ತಗಿರಿ ಸಿಗದೇ ಹೋಗಿದ್ದರೆ ಮುಂದಿನದು ಯಾವುದೂ ಆಗುತ್ತಿತ್ತೋ ಇಲ್ಲವೋ.

ರಾಮಾನುಜನ್ ಹುಟ್ಟಿದ್ದು 1887ರಲ್ಲಿ ಈರೋಡ್‌ನ ಅಜ್ಜಿ ಮನೆಯಲ್ಲಿ. ಬೆಳೆದದ್ದು ಕುಂಭಕೋಣಂನಲ್ಲಿ. ತಂದೆ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ. ತಾಯಿ ಕೋಮಲತಮ್ಮಾಳ್ ದೇವಸ್ಥಾನದಲ್ಲಿ ಹಾಡಿ ಒಂದಿಷ್ಟು ಕಾಸು ತರುತ್ತಿದ್ದರು. ಹೈಸ್ಕೂಲ್ ಮುಗಿಯುವ ತನಕ ಹುಡುಗ ಬಹುಮಾನದ ಮೇಲೆ ಬಹುಮಾನ ತಗೊಂಡವರೇ. 1904ರಲ್ಲಿ ಕಾಲೇಜು ಸೇರಿದಾಗ ಸ್ಕಾಲರ್‌ಶಿಪ್ ಕೂಡ ಇತ್ತು. ಆದರೆ ಗಣಿತ ಬಿಟ್ಟು ಬೇರೆ ಪುಸ್ತಕ ಮುಟ್ಟಲಿಲ್ಲ. ಇಂಗ್ಲಿಷ್‌ನಲ್ಲಿ ಫೇಲ್ ಆದರು, ಸ್ಕಾಲರ್‌ಶಿಪ್ ಹೋಯಿತು. ಮನೆಯಲ್ಲಿ ಹೇಳದೆ ವಿಶಾಖಪಟ್ಟಣದ ಕಡೆ ಓಡಿಹೋದದ್ದೂ ಆಯಿತು. ಆಮೇಲೆ ಮದ್ರಾಸಿನ ಪಚ್ಚೈಯಪ್ಪ ಕಾಲೇಜು. ಅಲ್ಲೂ ಎಫ್.ಎ. ಪರೀಕ್ಷೆ, ಅಂದರೆ ಈಗಿನ ಪಿಯುಸಿಗೆ ಸಮ ಅಂದುಕೊಳ್ಳಿ, ಎರಡು ಸಲ ಕಟ್ಟಿ ಎರಡು ಸಲವೂ ಫೇಲ್. 1907ಕ್ಕೆ ಓದಿನ ಬಾಗಿಲು ಮುಚ್ಚಿತು.

1909ರಲ್ಲಿ ಮದುವೆ. ಹೆಂಡತಿ ಜಾನಕಿಗೆ ಆಗ ಹತ್ತೇ ವರ್ಷ. ಮದುವೆ ಆದ ಮೇಲೆ ಕೆಲಸ ಹುಡುಕಲೇಬೇಕಲ್ಲ. ಬಗಲಲ್ಲಿ ಗಣಿತದ ನೋಟ್‌ಬುಕ್ ಇಟ್ಟುಕೊಂಡು ಬಾಗಿಲು ಬಾಗಿಲು ತಟ್ಟಲು ಶುರು ಮಾಡಿದರು.

ಮೊದಲು ಹೋದದ್ದು ತಿರುಕ್ಕೋಯಿಲೂರಿನ ಡೆಪ್ಯುಟಿ ಕಲೆಕ್ಟರ್ ವಿ. ರಾಮಸ್ವಾಮಿ ಅಯ್ಯರ್ ಹತ್ತಿರ. ಭಾರತೀಯ ಗಣಿತ ಸಂಘ ಕಟ್ಟಿದವರು ಇವರೇ. ಕೇಳಿದ್ದು ದೊಡ್ಡದೇನಲ್ಲ, ಕಂದಾಯ ಇಲಾಖೆಯಲ್ಲಿ ಒಂದು ಗುಮಾಸ್ತ ಕೆಲಸ. ನೋಟ್‌ಬುಕ್ ತಿರುವಿ ನೋಡಿದ ಅಯ್ಯರ್ ಕೆಲಸ ಕೊಡಲಿಲ್ಲ. ಇಂಥ ತಲೆಯನ್ನು ತಾಲ್ಲೂಕು ಕಚೇರಿಯ ಕಡತದಲ್ಲಿ ಹೂತು ಹಾಕಲು ಅವರಿಗೆ ಮನಸ್ಸು ಬರಲಿಲ್ಲವಂತೆ. ಮಾತೇನೋ ಚೆಂದ. ಆದರೆ ಅವತ್ತು ಸಂಜೆಯ ಊಟಕ್ಕೆ? ಅಯ್ಯರ್ ಕೈಬಿಡಲಿಲ್ಲ ಅನ್ನೋದು ನಿಜ, ಮದ್ರಾಸಿನ ಪರಿಚಯಸ್ಥರಿಗೆ ಪತ್ರ ಬರೆದುಕೊಟ್ಟರು. ಹಾಗೆ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಪರಿಚಯವಾಗಿ, ಅವರು ಸ್ವಂತ ಜೇಬಿನಿಂದ ತಿಂಗಳಿಗೆ 25 ರೂಪಾಯಿ ಕೊಡುತ್ತಾ ಬಂದರು. 1911ರಲ್ಲಿ ಬರ್ನೂಲಿ ಸಂಖ್ಯೆಗಳ ಬಗ್ಗೆ ಮೊದಲ ಲೇಖನ ಗಣಿತ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಆದರೂ ಇನ್ನೊಬ್ಬರ ದುಡ್ಡಿನಲ್ಲಿ ಎಷ್ಟು ದಿನ ಬದುಕೋದು?

1912ರ ಶುರುವಿನಲ್ಲಿ ಮದ್ರಾಸಿನ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ತಿಂಗಳಿಗೆ 20 ರೂಪಾಯಿ. ಕೆಲವೇ ವಾರದಲ್ಲಿ ಅದೂ ಮುಗಿಯಿತು. ಅದೇ ಹೊತ್ತಿನಲ್ಲಿ ರಾಮಾನುಜನ್‌ಗಿಂತ ಒಂದು ವರ್ಷ ಚಿಕ್ಕವರಾದ, ಮುಂದೆ ನಮ್ಮ ಬೆಂಗಳೂರಿಗೆ ಬಂದು ನೆಲೆಸಿದ ಸಿ.ವಿ. ರಾಮನ್ ಕಲ್ಕತ್ತಾದಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿದ್ದರು. ಅವರ ಕೈಯಲ್ಲಿ ಎಂ.ಎ. ಇತ್ತು, ಪರೀಕ್ಷೆ ಬರೆದು ಆಫೀಸರ್ ಆದರು. ಇವರ ಹತ್ತಿರ ಇದ್ದದ್ದು ಮೆಟ್ರಿಕ್ ಪಾಸು, ಎಫ್.ಎ. ಫೇಲು.

1912ರ ಫೆಬ್ರವರಿ 9ರಂದು ಟ್ರಿಪ್ಲಿಕೇನ್‌ನ ಬಿಡಾರದಿಂದ ಮದ್ರಾಸ್ ಪೋರ್ಟ್ ಟ್ರಸ್ಟ್‌ಗೆ ಇನ್ನೊಂದು ಅರ್ಜಿ ಹಾಕಿದರು. ಮೆಟ್ರಿಕ್ ಆಗಿದೆ, ಎಫ್.ಎ. ತನಕ ಓದಿದ್ದೇನೆ, ಅಡಚಣೆಗಳಿಂದ ಮುಂದುವರಿಯಲು ಆಗಲಿಲ್ಲ, ಗಣಿತದ ಕೆಲಸ ಮಾತ್ರ ಬಿಟ್ಟಿಲ್ಲ ಅನ್ನೋದು ಅದರ ಸಾರ. ಫೇಲ್ ಅನ್ನೋ ಪದ ಬಳಸಲಿಲ್ಲ. ಅರ್ಜಿ ಬರೆದು ಗೊತ್ತಿದ್ದವರಿಗೆ ಇದು ಅರ್ಥವಾಗುತ್ತೆ. ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರೊಫೆಸರ್ ಮಿಡ್ಲ್‌ಮಾಸ್ಟ್ ಅವರ ಶಿಫಾರಸು ಪತ್ರವೂ ಇತ್ತು. ಮಾರ್ಚ್ 1ಕ್ಕೆ ಕೆಲಸಕ್ಕೆ ಹಾಜರು. ಮೂರನೇ ದರ್ಜೆ, ನಾಲ್ಕನೇ ಗ್ರೇಡ್‌ನ ಲೆಕ್ಕದ ಗುಮಾಸ್ತ, ಸಂಬಳ 30 ರೂಪಾಯಿ. ಈಗ ನಮ್ಮ ಹುಡುಗರು ವರ್ಷಗಟ್ಟಲೆ ಓದಿ ಬರೆಯುವ ಎಸ್‌ಡಿಎ ಹುದ್ದೆಯ ಹಾಗೆ ಅಂತಿಟ್ಟುಕೊಳ್ಳಿ.

ಇಲ್ಲಿ ಅದೃಷ್ಟ ಅಂದರೆ ಮೇಲಿದ್ದವರು. ಮುಖ್ಯ ಲೆಕ್ಕಾಧಿಕಾರಿ ಎಸ್. ನಾರಾಯಣ ಅಯ್ಯರ್ ಸ್ವತಃ ಗಣಿತ ಓದಿದವರು, ಗಣಿತ ಸಂಘದ ಖಜಾಂಚಿ. ಅವರ ಮೇಲೆ ಟ್ರಸ್ಟ್‌ನ ಅಧ್ಯಕ್ಷ ಸರ್ ಫ್ರಾನ್ಸಿಸ್ ಸ್ಪ್ರಿಂಗ್, ಐರ್ಲೆಂಡಿನ ಇಂಜಿನಿಯರ್. ರಾಮಾನುಜನ್ ಕಚೇರಿ ಕೆಲಸ ಬೇಗ ಮುಗಿಸಿ ಗಣಿತಕ್ಕೆ ಕೂರುತ್ತಿದ್ದರು. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಅಡ್ಡ ಬರಲಿಲ್ಲ. ರಾತ್ರಿ ಅಯ್ಯರ್ ಮನೆಯಲ್ಲಿ ಸಾಹೇಬ, ಗುಮಾಸ್ತ ಇಬ್ಬರೂ ಸ್ಲೇಟು ಹಿಡಿದು ಕೂರೋರು. ರಾಮಾನುಜನ್ ನಾಲ್ಕು ಹೆಜ್ಜೆ ಹಾರಿ ಉತ್ತರ ಬರೆದರೆ, ಎಲ್ಲರಿಗೂ ಅರ್ಥವಾಗುವ ಹಾಗೆ ಬಿಡಿಸಿ ಬರೆಯುವಂತೆ ಅಯ್ಯರ್ ಕಾಟ ಕೊಡೋರು.

ಕಾಗದ ಕೊಳ್ಳಲು ದುಡ್ಡು ಸಾಲುತ್ತಿರಲಿಲ್ಲ. ಲೆಕ್ಕವೆಲ್ಲ ಸ್ಲೇಟಿನ ಮೇಲೆ, ಬಟ್ಟೆ ಹುಡುಕುವಷ್ಟೂ ತಾಳ್ಮೆ ಇಲ್ಲದೆ ಮೊಣಕೈಯಿಂದಲೇ ಒರೆಸಿ ಒರೆಸಿ ಮೊಣಕೈ ಕಪ್ಪಾಗಿತ್ತಂತೆ. ಬಂದರಿನಲ್ಲಿ ಸರಕು ಸುತ್ತಿ ಬರುವ ಕಾಗದ ಆಯ್ದುಕೊಂಡು ಅದರ ಮೇಲೂ ಬರೆದರು. ಒಮ್ಮೆ ಕಚೇರಿ ಕಡತದೊಳಗೆ ಗಣಿತದ ಹಾಳೆಗಳು ಸೇರಿಕೊಂಡು ಅಧ್ಯಕ್ಷರ ಮೇಜು ತಲುಪಿದವು ಅನ್ನೋ ಕಥೆಯೂ ಇದೆ. ಕಚೇರಿ ಸಮಯದಲ್ಲಿ ಇದೇನು ಅಂತ ಸ್ಪ್ರಿಂಗ್ ಅವರು ಅಯ್ಯರ್ ಮೇಲೆ ರೇಗಿದ ಹಾಗೆ ನಟಿಸಿದರು. ಇದು ನನ್ನ ಕೈಬರಹ ಅಲ್ಲ, ರಾಮಾನುಜನ್‌ದಿರಬೇಕು ಅಂತ ಅಯ್ಯರ್ ತಬ್ಬಿಬ್ಬಾದಾಗ ಸ್ಪ್ರಿಂಗ್ ನಕ್ಕುಬಿಟ್ಟರು, ಅವರಿಗೆ ಮೊದಲೇ ಗೊತ್ತಿತ್ತು. ಮೆಮೊ ಬರಲಿಲ್ಲ, ಇನ್‌ಕ್ರಿಮೆಂಟ್ ಕಟ್ ಆಗಲಿಲ್ಲ.

ಈ ಕುರ್ಚಿಯಿಂದಲೇ 1913ರ ಜನವರಿ 16ರಂದು ಕೇಂಬ್ರಿಜ್‌ನ ಜಿ.ಎಚ್. ಹಾರ್ಡಿಗೆ ಆ ಪ್ರಸಿದ್ಧ ಪತ್ರ ಹೋಯಿತು. ಅದಕ್ಕೂ ಮುಂಚೆ ಇಂಗ್ಲೆಂಡಿನ ಇಬ್ಬರು ದೊಡ್ಡ ಗಣಿತಜ್ಞರಿಗೆ ಬರೆದದ್ದು ಕೈಹಿಡಿದಿರಲಿಲ್ಲ. ಪತ್ರದಲ್ಲಿ ತಮ್ಮನ್ನು ಬಂದರು ಕಚೇರಿಯ ಲೆಕ್ಕ ವಿಭಾಗದ ಗುಮಾಸ್ತ ಅಂತಲೇ ಪರಿಚಯ ಮಾಡಿಕೊಂಡಿದ್ದಾರೆ. ಸಂಬಳ ವರ್ಷಕ್ಕೆ 20 ಪೌಂಡ್, ವಯಸ್ಸು ಸುಮಾರು 23 ಅಂತ ಬರೆದಿದ್ದಾರೆ. ಒಂದು ಪೌಂಡ್‌ಗೆ 15 ರೂಪಾಯಿ ಇದ್ದ ಕಾಲ, ವರ್ಷದ 360 ರೂಪಾಯಿ ಅಂದರೆ 24 ಪೌಂಡ್ ಆಗಬೇಕು. ವಯಸ್ಸೂ 25 ಆಗಿತ್ತು. ಲೆಕ್ಕದ ಗುಮಾಸ್ತರು ತಮ್ಮ ಲೆಕ್ಕದಲ್ಲೇ ನಾಲ್ಕು ಪೌಂಡ್, ಎರಡು ವರ್ಷ ಬಿಟ್ಟಿದ್ದರು. ಜೊತೆಗಿದ್ದ ಪ್ರಮೇಯಗಳನ್ನು ಮಾತ್ರ ಹಾರ್ಡಿ ಪಕ್ಕಕ್ಕಿಡಲು ಆಗಲಿಲ್ಲ.

ಫೆಬ್ರವರಿ ಕೊನೆಗೆ ಹವಾಮಾನ ಇಲಾಖೆಯ ಮುಖ್ಯಸ್ಥ ಗಿಲ್ಬರ್ಟ್ ವಾಕರ್ ಬಂದರಿಗೆ ಬಂದರು. ಅವರೂ ಕೇಂಬ್ರಿಜ್‌ನ ಗಣಿತಜ್ಞರೇ. ಸ್ಪ್ರಿಂಗ್ ತಮ್ಮ ಗುಮಾಸ್ತರ ನೋಟ್‌ಬುಕ್ ತೋರಿಸಿದರು. ಮರುದಿನವೇ ವಾಕರ್ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಸಂಶೋಧನಾ ವೇತನಕ್ಕೆ ಸ್ನಾತಕೋತ್ತರ ಪದವಿ ಬೇಕು ಅಂತ ನಿಯಮ, ಇವರಿಗೆ ಯಾವ ಪದವಿಯೂ ಇಲ್ಲ. ಕೊನೆಗೆ ನಿಯಮ ಬದಿಗಿಟ್ಟು ತಿಂಗಳಿಗೆ 75 ರೂಪಾಯಿ ಮಂಜೂರು ಮಾಡಿದರು. ಬಂದರು ಕಚೇರಿಗೆ ಬಂದು ಹದಿನಾಲ್ಕು ತಿಂಗಳಾದ ಮೇಲೆ, 1913ರ ಮೇ 1ರಿಂದ, ರಾಮಾನುಜನ್ ವಿಶ್ವವಿದ್ಯಾಲಯದ ಸಂಶೋಧಕರಾದರು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 1914ರ ಮಾರ್ಚ್ 17ಕ್ಕೆ ಹಡಗು ಹತ್ತಿದರು. ವಿದೇಶದ ಖರ್ಚಿಗೆ ದುಡ್ಡು ಹೊಂದಿಸಲು ಗವರ್ನರ್ ಕಚೇರಿಗೆ ಬರೆದವರಲ್ಲೂ ಸ್ಪ್ರಿಂಗ್ ಇದ್ದರು. 1916ರಲ್ಲಿ ಕೇಂಬ್ರಿಜ್ ಪದವಿ, 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ. ಯುದ್ಧದ ವರ್ಷಗಳ ಚಳಿ, ಹೊಂದದ ಊಟ, ಕಾಯಿಲೆ. 1919ರಲ್ಲಿ ವಾಪಸು ಬಂದರು. 1920ರ ಏಪ್ರಿಲ್ 26ರಂದು ಮದ್ರಾಸಿನ ಚೇಟ್‌ಪೇಟ್‌ನಲ್ಲಿ ತೀರಿಕೊಂಡಾಗ 32 ವರ್ಷ.

ಜಾನಕಿ ಅಮ್ಮಾಳ್ 1994ರ ತನಕ ಬದುಕಿದ್ದರು. ಟ್ರಿಪ್ಲಿಕೇನ್‌ನಲ್ಲಿ ಬಟ್ಟೆ ಹೊಲಿದು, ವಿಶ್ವವಿದ್ಯಾಲಯದ ಪಿಂಚಣಿಯಲ್ಲಿ ಜೀವನ ಮಾಡಿದರು. ವಯಸ್ಸಾದ ಮೇಲೆ ಅವರಿಗೆ ಆಜೀವ ಪಿಂಚಣಿ ಕೊಟ್ಟವರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟ್ ಕೂಡ ಒಂದು. ಗಂಡ ಅಲ್ಲಿ ಲೆಕ್ಕ ಬರೆದದ್ದು ಬರೀ ಹದಿನಾಲ್ಕು ತಿಂಗಳು.