ಹಳೇ ಬೈಕಿಗೆ ಆಯುಷ್ಯವನ್ನೇ ಕೊಟ್ಟ ಬರ್ಟ್ ಮನ್ರೊ

ಗುಜರಿಗೆ ಹೋಗಬೇಕಾದ ಬೈಕನ್ನು ಮನೆಗೆ ತಂದು, ಅದಕ್ಕೆ ಹಿತ್ತಾಳೆ ಕೊಳವೆ, ಹಳೆಯ ಗಡಿಯಾರದಂತಹ ಮೀಟರು, ಹಲ್ಲಿನ ಚಕ್ರಗಳನ್ನು ಜೋಡಿಸಿ ಹಬೆ ಯಂತ್ರಗಳ ಕಾಲದ ರೂಪ ಕೊಡುವ ಶೋಕಿ ಈಗ ಹಲವು ದೇಶಗಳಲ್ಲಿದೆ. ಸ್ಟೀಮ್‌ಪಂಕ್ ಎಂದು ಅದರ ಹೆಸರು. ನಮ್ಮಲ್ಲೂ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳನ್ನು ಹುಡುಕಿ ತಂದು ಬೇರೆ ರೂಪ ಕೊಡುವವರಿದ್ದಾರೆ. ಹಳೇ ಬೈಕಿನ ಹುಚ್ಚಿನ ಮಾತು ಬಂದಾಗಲೆಲ್ಲ ನೆನಪಾಗುವ ಹೆಸರು ನ್ಯೂಜಿಲೆಂಡಿನ ಬರ್ಟ್ ಮನ್ರೊ ಅವರದು. ಅವರ ಬೈಕಿನಲ್ಲಿ ಮಾತ್ರ ಅಂದಕ್ಕೆಂದು ಹಾಕಿದ ಒಂದು ತುಂಡೂ ಇರಲಿಲ್ಲ. ಅವರಿಗೆ ಬೇಕಾಗಿದ್ದುದು ವೇಗ ಒಂದೇ.

ಹರ್ಬರ್ಟ್ ಜೇಮ್ಸ್ ಮನ್ರೊ ಹುಟ್ಟಿದ್ದು 1899ರ ಮಾರ್ಚ್ 25ರಂದು, ನ್ಯೂಜಿಲೆಂಡಿನ ದಕ್ಷಿಣ ತುದಿಯ ಇನ್ವರ್‌ಕಾರ್ಗಿಲ್‌ನಲ್ಲಿ. ಅವಳಿ ಮಕ್ಕಳಲ್ಲಿ ತಂಗಿ ಹುಟ್ಟುವಾಗಲೇ ತೀರಿಕೊಂಡಳು. ಈ ಮಗುವೂ ಎರಡು ವರ್ಷ ದಾಟುವುದು ಕಷ್ಟ ಎಂದು ವೈದ್ಯರು ಕೈಚೆಲ್ಲಿದ್ದರಂತೆ. ಮಗು ಬದುಕಿತು. ಕೃಷಿಕ ಕುಟುಂಬದಲ್ಲಿ ಬೆಳೆದ ಹುಡುಗನಿಗೆ ದನ ಕುರಿಗಳಿಗಿಂತ ಓಡುವ ಯಂತ್ರಗಳ ಮೇಲೆಯೇ ಕಣ್ಣು.

1920ರಲ್ಲಿ, ತಮ್ಮ 21ನೇ ವಯಸ್ಸಿನಲ್ಲಿ ಮನ್ರೊ ಒಂದು ಹೊಸ ಇಂಡಿಯನ್ ಸ್ಕೌಟ್ ಬೈಕ್ ಕೊಂಡರು. ಹೆಸರು ಕೇಳಿ ನಮ್ಮ ದೇಶದ ಬೈಕೆಂದು ತಿಳಿಯಬೇಕಾಗಿಲ್ಲ. ಇದು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಕಂಪನಿ. ಅಲ್ಲಿನ ಮೂಲನಿವಾಸಿಗಳನ್ನು ಸೂಚಿಸುವ ಹೆಸರು ಅದು. (1953ರಲ್ಲಿ ಅಲ್ಲಿ ಬೈಕು ತಯಾರಿಕೆ ನಿಂತ ಮೇಲೆ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಬೈಕುಗಳಿಗೇ ಇಂಡಿಯನ್ ಎಂಬ ಹೆಸರು ಹಚ್ಚಿ ಕೆಲವು ವರ್ಷ ಅಮೆರಿಕದಲ್ಲಿ ಮಾರಿದ್ದರು ಎಂಬುದು ಬುಲೆಟ್ ಪ್ರಿಯರಿಗೆ ತಮಾಷೆ ಎನಿಸಬಹುದು.) ಮನ್ರೊ ಕೊಂಡ ಸ್ಕೌಟ್‌ಗೆ ಎರಡು ಸಿಲಿಂಡರ್‌ಗಳ 600 ಸಿಸಿ ಎಂಜಿನ್. ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ. ಅದರ ಗರಿಷ್ಠ ವೇಗ. ಅಂದಿನ ರಸ್ತೆಗಳಿಗೆ ಅದೇ ಧಾರಾಳವಾಗಿತ್ತು. ಮನ್ರೊಗೆ ಸಾಲಲಿಲ್ಲ.

1926ರಲ್ಲಿ ಅವರು ಎಂಜಿನ್‌ಗೆ ಕೈಹಾಕಿದರು. ಹಾಕಿದ ಕೈಯನ್ನು ಕೊನೆಯವರೆಗೂ ತೆಗೆಯಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಹೊಸ ಬೈಕ್ ಕೊಳ್ಳುತ್ತಿದ್ದರು. ಮನ್ರೊ ಬಳಿ ಅಷ್ಟು ಹಣವಿರಲಿಲ್ಲ. ಹಗಲು ಬೈಕ್ ಮಾರುವ, ರಿಪೇರಿ ಮಾಡುವ ಕೆಲಸ. ರಾತ್ರಿ ತಮ್ಮ ಬೈಕಿನ ಕೆಲಸ. ಎಷ್ಟೋ ದಿನ ಬೆಳಗಿನವರೆಗೂ ಅದೇ. ಬೇಕಾದ ಬಿಡಿಭಾಗ ಪೇಟೆಯಲ್ಲಿ ಸಿಗುತ್ತಿರಲಿಲ್ಲ, ಸಿಕ್ಕಿದರೂ ಕೊಳ್ಳುವ ಶಕ್ತಿ ಇರಲಿಲ್ಲ. ಹೀಗಾಗಿ ಎಲ್ಲವನ್ನೂ ತಾವೇ ಮಾಡಿಕೊಂಡರು. ಹಳೆಯ ಲೋಹ ಕರಗಿಸಿ, ತಗಡಿನ ಡಬ್ಬಗಳನ್ನೇ ಅಚ್ಚು ಮಾಡಿಕೊಂಡು ಪಿಸ್ಟನ್‌ಗಳನ್ನು ಎರಕ ಹೊಯ್ದರು. ಪಿಸ್ಟನ್‌ಗೂ ಕ್ರ್ಯಾಂಕ್‌ಗೂ ನಡುವಿನ ಕನೆಕ್ಟಿಂಗ್ ರಾಡನ್ನು ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರಿನ ಹಳೇ ಆಕ್ಸಲ್‌ನಿಂದ ಕೈಯಲ್ಲೇ ಕಡೆದು ತೆಗೆದರು. ಸಿಲಿಂಡರ್, ಫ್ಲೈವೀಲ್, ಕ್ಯಾಮ್, ಎಣ್ಣೆ ಹರಿಯುವ ವ್ಯವಸ್ಥೆ, ಎಲ್ಲವೂ ಸ್ವಂತದ್ದು. ಕೂದಲೆಳೆಯಷ್ಟು ವ್ಯತ್ಯಾಸ ಅಳೆಯುವ ಮೈಕ್ರೋಮೀಟರನ್ನು ಕೂಡ ಚಕ್ರದ ಹಳೇ ಕಡ್ಡಿಯೊಂದರಿಂದ ಮಾಡಿಕೊಂಡಿದ್ದರು.

ಇವುಗಳಲ್ಲಿ ಬಹಳ ದೊಡ್ಡ ಬದಲಾವಣೆ ಎಂದರೆ ವಾಲ್ವ್‌ಗಳದು. ಮೂಲ ಎಂಜಿನ್‌ನಲ್ಲಿ ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆ ಬಿಡುವ ವಾಲ್ವ್‌ಗಳು ಸಿಲಿಂಡರಿನ ಪಕ್ಕದಲ್ಲಿದ್ದವು. ಗಾಳಿ ಮೂಲೆ ಸುತ್ತಿ ಒಳಗೆ ಬರಬೇಕಿತ್ತು. ಎಂಜಿನ್‌ಗೆ ಉಸಿರು ಕಟ್ಟಿದಂತೆಯೇ. ಮನ್ರೊ ವಾಲ್ವ್‌ಗಳನ್ನು ಸಿಲಿಂಡರಿನ ನೆತ್ತಿಗೆ ಏರಿಸಿದರು. ಗಾಳಿ ನೇರವಾಗಿ ಒಳಗೆ ನುಗ್ಗಿತು, ಶಕ್ತಿ ಹೆಚ್ಚಿತು. ಶಕ್ತಿ ಹೆಚ್ಚಿದ್ದೇ ತಡ, ಅದನ್ನು ತಾಳಲಾರದೆ ಉಳಿದ ಭಾಗಗಳು ಮುರಿಯತೊಡಗಿದವು. ಒಂದನ್ನು ಗಟ್ಟಿ ಮಾಡಿದರೆ ಮತ್ತೊಂದು ಒಡೆಯಿತು. ಐವತ್ತು ವರ್ಷಗಳ ಅವರ ಕೆಲಸವೆಲ್ಲ ಈ ಓಟವೇ ಆಗಿತ್ತು ಎಂದರೆ ತಪ್ಪಾಗಲಾರದು. ಸೀಳಿದ ಪಿಸ್ಟನ್, ತುಂಡಾದ ರಾಡುಗಳನ್ನು ಅವರು ಎಸೆಯಲಿಲ್ಲ. ಶೆಡ್ಡಿನ ಶೆಲ್ಫಿನಲ್ಲಿ ಸಾಲಾಗಿ ಇಟ್ಟು, ಇವು ವೇಗದ ದೇವರಿಗೆ ಸಲ್ಲಿಸಿದ ಕಾಣಿಕೆ ಎಂದು ಬರೆದಿದ್ದರು.

ಕಾಣಿಕೆ ಹೋದದ್ದು ಪಿಸ್ಟನ್‌ಗಳಷ್ಟೇ ಅಲ್ಲ. 1927ರಲ್ಲಿ ಮದುವೆಯಾದ ಮನ್ರೊಗೆ ನಾಲ್ವರು ಮಕ್ಕಳು. 1947ರಲ್ಲಿ ವಿಚ್ಛೇದನವಾಯಿತು. ಆಮೇಲೆ ಅವರು ವಾಸಿಸಿದ್ದು ಗ್ಯಾರೇಜಿನಲ್ಲೇ. ಬೈಕು, ಅದರ ಪಕ್ಕದಲ್ಲೇ ಮಂಚ. ಅವರ ಬಗ್ಗೆ ಬರೆಯುವ ಹೆಚ್ಚಿನವರು ಈ ಭಾಗವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ರಾತ್ರಿಯೆಲ್ಲ ಅರ ಉಜ್ಜುವ ಸದ್ದು ಕೇಳುವ ಮನೆಯಲ್ಲಿ ನಾಲ್ಕು ಮಕ್ಕಳನ್ನು ಸಾಕಿದ ಹೆಂಗಸಿನ ಕಷ್ಟ ಯಾವ ದಾಖಲೆ ಪುಸ್ತಕದಲ್ಲೂ ಇಲ್ಲ.

ಊರಿನ ಪಕ್ಕದ ಒರೆಟಿ ಕಡಲ ತೀರದ ಉದ್ದನೆಯ ಮರಳು ಅವರ ಪರೀಕ್ಷಾ ರಸ್ತೆ. 1938ರಲ್ಲಿ ಮೊದಲ ಬಾರಿಗೆ ನ್ಯೂಜಿಲೆಂಡಿನ ವೇಗದ ದಾಖಲೆ ಅವರ ಹೆಸರಿಗೆ ಬಂತು. ಮುಂದೆ ಇನ್ನೂ ಹಲವು ಬಂದವು. ಸ್ಕೌಟ್ ಜೊತೆಗೆ 1936ರ ವೆಲೊಸೆಟ್ ಎಂಬ ಇಂಗ್ಲಿಷ್ ಬೈಕನ್ನೂ ಅವರು ಹೀಗೆಯೇ ಮಾರ್ಪಡಿಸಿದ್ದರು. ಆದರೆ ಹೆಸರಾದದ್ದು ಸ್ಕೌಟ್.

ಮರಳಿನ ಮೇಲೆ ಒಂದು ಮಿತಿಗಿಂತ ಹೆಚ್ಚು ಓಡುವಂತಿಲ್ಲ. ಅದಕ್ಕೆ ಬೇಕಾದುದು ಅಮೆರಿಕದ ಯೂಟಾ ರಾಜ್ಯದ ಬಾನ್‌ವಿಲ್ ಉಪ್ಪಿನ ಬಯಲು. ಬತ್ತಿಹೋದ ಪುರಾತನ ಸರೋವರದ ತಳ ಅದು. ಕಣ್ಣು ಹಾಯುವಷ್ಟು ದೂರ ಬಿಳಿ ಉಪ್ಪು; ಮರವಿಲ್ಲ, ತಿರುವಿಲ್ಲ. 1957ರಲ್ಲಿ ಮನ್ರೊ ಸುಮ್ಮನೆ ನೋಡಲು ಹೋದರು. ಆಮೇಲೆ ಓಡಿಸಲೆಂದೇ ಒಂಬತ್ತು ಸಲ ಹೋದರು. ಬೈಕಿಗೆ ಮೀನಿನಾಕಾರದ ಉದ್ದನೆಯ ಕವಚ ತೊಡಿಸಿ, ಅದರೊಳಗೆ ಹೊಟ್ಟೆ ಕೆಳಗಾಗಿ ಮಲಗಿ ಓಡಿಸುತ್ತಿದ್ದರು. ಕವಚವೂ ಕೈಯಲ್ಲೇ ತಯಾರಿಸಿದ್ದು.

ಬಾನ್‌ವಿಲ್‌ನಲ್ಲಿ ದಾಖಲೆ ಸುಲಭಕ್ಕೆ ಸಿಗುವುದಿಲ್ಲ. ಬೆನ್ನ ಹಿಂದಿನ ಗಾಳಿಯ ಲಾಭ ಯಾರಿಗೂ ಸಿಗಬಾರದೆಂದು ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆಯುತ್ತಾರೆ. ಮೊದಲ ಓಟದಲ್ಲಿ ಎಂಜಿನ್ ಒಡೆದರೆ ಎಲ್ಲವೂ ನೀರಿನಲ್ಲಿ ಹೋಮ. ಸಮುದ್ರ ಮಟ್ಟದಿಂದ ಸಾವಿರದ ಇನ್ನೂರು ಮೀಟರಿಗೂ ಹೆಚ್ಚು ಎತ್ತರವಾದ್ದರಿಂದ ಗಾಳಿ ತೆಳು. ಕಡಲ ತೀರದಲ್ಲಿ ಸರಿಹೊಂದಿಸಿದ ಕಾರ್ಬ್ಯುರೇಟರ್ ಅಲ್ಲಿ ಕೆಲಸಕ್ಕೆ ಬಾರದು.

1962ರಲ್ಲಿ ಎಂಜಿನ್ನನ್ನು 850 ಸಿಸಿಗೆ ಹಿಗ್ಗಿಸಿಕೊಂಡು ಹೋದ ಮನ್ರೊ 883 ಸಿಸಿ ವರ್ಗದಲ್ಲಿ ಗಂಟೆಗೆ 178.95 ಮೈಲಿ, ಅಂದರೆ 288 ಕಿ.ಮೀ. ವೇಗದ ದಾಖಲೆ ಮಾಡಿದರು. ಆಗ ಅವರಿಗೆ 63 ವರ್ಷ. ನಾಲ್ಕು ವರ್ಷ ಮತ್ತೆ ಕೆಲಸ ಮಾಡಿ 1966ರಲ್ಲಿ 920 ಸಿಸಿ ಎಂಜಿನ್‌ನೊಂದಿಗೆ 1000 ಸಿಸಿ ವರ್ಗಕ್ಕೆ ಇಳಿದಾಗ ಸಿಕ್ಕಿದ್ದು 168.07 ಮೈಲಿ. ಅದೂ ದಾಖಲೆಯೇ. ಆದರೆ ದೊಡ್ಡ ಎಂಜಿನ್, ಕಡಿಮೆ ವೇಗ! ಮನೆಯಲ್ಲಿ ಕುಳಿತುಬಿಡಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಮುಂದಿನ ವರ್ಷವೇ ಮನ್ರೊ ಮತ್ತೆ ಹೊರಟರು.

1967ರ ಆಗಸ್ಟ್. ಸವಾರನಿಗೆ 68 ವರ್ಷ, ಬೈಕಿಗೆ 47. ಎಂಜಿನ್ ಈಗ 950 ಸಿಸಿ. ಅರ್ಹತೆಗಾಗಿ ಒಂದು ದಿಕ್ಕಿನಲ್ಲಿ ಓಡಿಸಿದಾಗ ದಾಖಲಾದ ವೇಗ 190.07 ಮೈಲಿ, ಅಂದರೆ 305.89 ಕಿ.ಮೀ. ಎರಡೂ ದಿಕ್ಕಿನ ಸರಾಸರಿಯಲ್ಲಿ 1000 ಸಿಸಿ ಒಳಗಿನ ವರ್ಗಕ್ಕೆ ಸಿಕ್ಕ ದಾಖಲೆ 183.59 ಮೈಲಿ. ಕಾರ್ಖಾನೆಯಿಂದ ಹೊರಬಂದಾಗ ಇದ್ದ ವೇಗದ ಮೂರು ಪಟ್ಟಿಗೂ ಹೆಚ್ಚು.

ಅದೇ ವರ್ಷ ಒಂದು ಓಟದಲ್ಲಿ ಅವರ ಜೀವವೇ ಹೋಗುವುದರಲ್ಲಿತ್ತು. ಅರ್ಧ ದಾರಿ ದಾಟಿದ ಮೇಲೆ ಬೈಕು ಅಡ್ಡಾದಿಡ್ಡಿ ಓಲಾಡತೊಡಗಿತು. ವೇಗ ತಗ್ಗಿಸಲು ಅವರು ಮಲಗಿದಲ್ಲಿಂದ ಎದ್ದು ಕುಳಿತರು. ಗಾಳಿಯ ಹೊಡೆತಕ್ಕೆ ಕನ್ನಡಕ ಹಾರಿಹೋಯಿತು, ಕಣ್ಣು ಕಾಣದಾಯಿತು. ಗುರುತಿನ ಉಕ್ಕಿನ ಕಂಬವೊಂದು ಕೆಲವೇ ಅಂಗುಲದಲ್ಲಿ ತಪ್ಪಿತು. ಕೊನೆಗೆ ಬೈಕನ್ನು ಬೇಕೆಂದೇ ಮಲಗಿಸಿ ಉಪ್ಪಿನ ಮೇಲೆ ಜಾರಿದರು. ಎದ್ದಾಗ ಮೈಮೇಲೆ ಒಂದಿಷ್ಟು ತರಚು ಗಾಯ, ಅಷ್ಟೇ.

ಹೃದಯದ ತೊಂದರೆ ಅವರಿಗೆ ಬಹಳ ಹಿಂದಿನಿಂದಲೂ ಇತ್ತು. 1977ರಲ್ಲಿ ಪಾರ್ಶ್ವವಾಯು ಬಡಿಯಿತು. ಕೈಕಾಲಿನ ಹಿಡಿತ ಮೊದಲಿನಂತಿಲ್ಲ ಎಂಬುದು ಅರಿವಾದಾಗ ಸ್ಕೌಟ್ ಮತ್ತು ವೆಲೊಸೆಟ್ ಎರಡನ್ನೂ ತಮ್ಮೂರಿನ ವ್ಯಾಪಾರಿಯೊಬ್ಬರಿಗೆ ಕೊಟ್ಟರು. ಬೈಕುಗಳು ಊರು ಬಿಟ್ಟು ಹೋಗಬಾರದು ಎಂಬುದಷ್ಟೇ ಅವರ ಆಸೆ. 1978ರ ಜನವರಿ 6ರಂದು, 78ನೇ ವಯಸ್ಸಿನಲ್ಲಿ ಮನ್ರೊ ಕಣ್ಣು ಮುಚ್ಚಿದರು.

ನಿರ್ದೇಶಕ ರೋಜರ್ ಡೊನಾಲ್ಡ್‌ಸನ್ 1971ರಲ್ಲಿ ಮನ್ರೊ ಬಗ್ಗೆ ಸಾಕ್ಷ್ಯಚಿತ್ರ ಮಾಡಿದ್ದರು. ಅವರೇ 2005ರಲ್ಲಿ ತೆಗೆದ 'ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್' ಚಿತ್ರದಲ್ಲಿ ಆಂಥೋನಿ ಹಾಪ್‌ಕಿನ್ಸ್ ಮನ್ರೊ ಆಗಿ ನಟಿಸಿ, ಈ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಸಿನಿಮಾ ನೋಡಿದವರು ಒಂದು ಮಾತು ನೆನಪಿಡಬೇಕು: ಹಲವು ವರ್ಷಗಳ ಪ್ರವಾಸಗಳನ್ನು ಅದರಲ್ಲಿ ಒಂದೇ ಪ್ರವಾಸವಾಗಿ ಹೆಣೆಯಲಾಗಿದೆ. ಒಂದೇ ಸಲಕ್ಕೆ ಗೆದ್ದು ಬಂದ ಮುದುಕನ ಕಥೆ ಚೆನ್ನ. ಹತ್ತು ಸಲ ಹೋದವನ ಕಥೆ ನಿಜ.

ಅವರ ಬೈಕು ಇನ್ವರ್‌ಕಾರ್ಗಿಲ್‌ನ ಇ. ಹೇಯ್ಸ್ ಎಂಬ ಹಾರ್ಡ್‌ವೇರ್ ಅಂಗಡಿಯಲ್ಲಿ, ಮೊಳೆ ಸುತ್ತಿಗೆಗಳ ನಡುವೆ ಪ್ರದರ್ಶನಕ್ಕಿದೆ. 2006ರಿಂದ ಅದೇ ಊರಿನಲ್ಲಿ ಅವರ ಹೆಸರಿನ ಬೈಕ್ ಸ್ಪರ್ಧೆ ಶುರುವಾಯಿತು.

ಅಚ್ಚರಿಯ ಸಂಗತಿಯೊಂದು ಬೆಳಕಿಗೆ ಬಂದದ್ದು 2014ರಲ್ಲಿ. ಹಳೆಯ ಕಾಗದಗಳನ್ನು ನೋಡುತ್ತಿದ್ದ ಮನ್ರೊ ಅವರ ಮಗ, 1967ರ ಓಟದ ಸರಾಸರಿ ಲೆಕ್ಕದಲ್ಲಿ ತಪ್ಪಾಗಿರುವುದನ್ನು ಕಂಡುಹಿಡಿದರು. ಅಮೆರಿಕನ್ ಮೋಟರ್‌ಸೈಕ್ಲಿಸ್ಟ್ ಅಸೋಸಿಯೇಷನ್ ಅದನ್ನು ಒಪ್ಪಿ ದಾಖಲೆ ತಿದ್ದಿತು. ತಂದೆ ತೀರಿಕೊಂಡು 36 ವರ್ಷಗಳ ನಂತರ ಆ ಹಳೇ ಸ್ಕೌಟ್‌ನ ವೇಗ ಇನ್ನಷ್ಟು ಏರಿ ಗಂಟೆಗೆ 184.087 ಮೈಲಿ ಆಯಿತು.